ಗುಂಡಿ

ಬಿಟೊಮ್ ಊರಿನ ಕಲ್ಲಿದ್ದಲ ಬೀದಿಗಳಲ್ಲಿ
ಎವಾಲ್ಡ್ ನಡೆದು ಬಂದರೆ
ಜನ ತಮ್ಮ ಕೋಟಿನ ಗುಂಡಿ ಹಿಡಿದುಕೊಳ್ಳುತ್ತಾರೆ.
ಚಿಮಣಿ ಗುಡಿಸುವವನು ಎದುರಾದರೆ ಶುಭ;
ಗುಂಡಿ ಹಿಡಿದು ನೆನೆದದ್ದು ಕೈಗೂಡುತ್ತದಂತೆ.
ಇವತ್ತು ಟ್ರಾಮಿನಲ್ಲೊಬ್ಬಳು ಹುಡುಗಿ
ತನ್ನ ಜಿಪ್ಪಿನ ಜಾಕೆಟ್ಟನ್ನೆಲ್ಲ ತಡಕಿ ಸಿಗದೆ
ಪಕ್ಕದವನ ತೋಳಿನ ಗುಂಡಿಯನ್ನೇ ಹಿಡಿದಳು.
ಎಲ್ಲರೂ ನಕ್ಕರು.
ಅವನು ನಗಲಿಲ್ಲ.

ಚೀಲದಲ್ಲಿ ಕುಂಚ, ಹಗ್ಗ, ಕಬ್ಬಿಣದ ಗುಂಡು,
ಜತೆಗೆ ನಗರಸಭೆ ಕೊಟ್ಟ ಹನ್ನೆರಡು ಬಿಳಿ ಡಬ್ಬಿ.
ಸೋಪಿನ ಪೆಟ್ಟಿಗೆಯಷ್ಟು ಒಂದೊಂದೂ,
ಮುಖದಲ್ಲಿ ಸಣ್ಣ ಪರದೆ,
ಪರದೆಯಲ್ಲಿ ಸೊನ್ನೆ.

ನೆಲಮಹಡಿಯ ಬೇಕರಿಯಲ್ಲಿ ತೆಯೊಫಿಲ್
ಕೈಯ ಹಿಟ್ಟು ಒರೆಸದೆಯೇ ಜಗಳಕ್ಕೆ ನಿಂತ:
"ಹೋದ ವರ್ಷದ್ದು ರಾತ್ರಿಯೆಲ್ಲ ಚಿಂವ್ ಚಿಂವ್.
ಬ್ಯಾಟರಿ ಕಿತ್ತು ಗೋಡೆ ಗಡಿಯಾರಕ್ಕೆ ಹಾಕಿದೆ.
ನೋಡು, ಎಷ್ಟು ಚೆನ್ನಾಗಿ ನಡೆಯುತ್ತಿದೆ!"
ಎವಾಲ್ಡ್ ಗಡಿಯಾರ ನೋಡಿದ. ಹತ್ತಕ್ಕೆ ಐದು ನಿಮಿಷ.
ಒಲೆಯಿಂದ ಒಂದು ಮಾರು ಅಳೆದು
ಹಬೆ ತಾಗದ, ಕಿಟಕಿಯ ಗಾಳಿ ಸೋಕದ ಕಡೆ
ಮೊಳೆ ಹೊಡೆದ.
"ನಿನ್ನ ಬ್ರೆಡ್ಡು ಸೀದರೆ ಇದು ಕೂಗುವುದಿಲ್ಲ, ಹೆದರಬೇಡ.
ಹೊಗೆಗಾದರೂ ಮರ್ಯಾದೆಯಿದೆ ಕಣಯ್ಯಾ,
ಕಣ್ಣು ಉರಿಸಿ, ಕೆಮ್ಮಿಸಿ, ಬಂದೆ ಎಂದು ಹೇಳಿ ಬರುತ್ತದೆ.
ಬೆಂಕಿಯಿಲ್ಲದೆ ಹೊಗೆಯಾಡದು ಅನ್ನುತ್ತಾರೆ.
ಇದು ಹೊಗೆಯೇ ಆಡದ ಬೆಂಕಿ.
ತಲೆನೋವು ಅಂತ ಮಲಗಿದವರು
ಮಲಗಿಯೇ ಇರುತ್ತಾರೆ."

ಮೂರನೆಯ ಮಹಡಿ.
ಬೊಗುಮಿವ ರಾತ್ರಿಪಾಳಿಯ ಟ್ರಾಮ್ ಓಡಿಸಿ ಬಂದವಳು,
ಕಣ್ಣಲ್ಲಿ ಇನ್ನೂ ಹಳಿಗಳು.
ಬಚ್ಚಲ ಬಾಗಿಲಿನ ಗಾಳಿಕಿಂಡಿಗೆ ಹಳೇ ಟವೆಲ್ಲು ತುರುಕಿದೆ.
"ಚಳಿ," ಅಂದಳು, ತಪ್ಪು ಒಪ್ಪಿಕೊಳ್ಳುವ ದನಿಯಲ್ಲಿ.
ಹೊರಗೆ ಮೈನಸ್ ಹನ್ನೊಂದು.
ಗೋಡೆಯ ಗೀಸರಿನೊಳಗೆ ನೀಲಿ ನಾಲಗೆ,
ತುದಿ ಮಾತ್ರ ಹಳದಿ.
ಆ ಹಳದಿಯನ್ನು ಅವನು ಬಹಳ ಹೊತ್ತು ನೋಡಿದ.

ಎರಡು ಚಳಿಗಾಲದ ಹಿಂದೆ, ಇದೇ ಬೀದಿ, ಏಳನೆಯ ನಂಬರು.
ಕೊಳವೆ ಶುದ್ಧವಿದೆ ಎಂದು ಬರೆದು ಸಹಿ ಹಾಕಿದ್ದ.
ಶುದ್ಧವೇ ಇತ್ತು, ಮಾರ್ಚಿನಲ್ಲಿ.
ಏಪ್ರಿಲಿನಲ್ಲಿ ಕಾಗೆಯ ದಾಯಾದಿ ಹಕ್ಕಿಯೊಂದು
ಅದರ ಬಾಯಿಗೆ ಕಡ್ಡಿ ತಂದು ತಂದು ಇಳಿಸಿತು.
ಬೇಸಿಗೆಯೆಲ್ಲ ಕಿಟಕಿ ತೆರೆದಿತ್ತು, ಯಾರಿಗೂ ಗೊತ್ತಾಗಲಿಲ್ಲ.
ಮೊದಲ ಹಿಮಕ್ಕೆ ಕಿಟಕಿ ಮುಚ್ಚಿ
ಬಿಸಿನೀರು ಬಿಟ್ಟುಕೊಂಡರು.
ಇಬ್ಬರಿಗೂ ಗುಂಡಿ ತೋಡಿದ ದಿನ
ಹೆಪ್ಪುಗಟ್ಟಿದ ನೆಲಕ್ಕೆ ಗುದ್ದಲಿ ಕಿಡಿ ಹಾರಿಸಿತು.
ಎವಾಲ್ಡ್ ತನ್ನ ಕರಿ ಉಡುಪಿನಲ್ಲಿ ದೂರ ನಿಂತಿದ್ದ.
ಅಲ್ಲಿಯೂ ಯಾರೋ, ಬರೀ ಅಭ್ಯಾಸಕ್ಕೆ,
ಅವನನ್ನು ಕಂಡು ಕೋಟಿನ ಗುಂಡಿ ಹಿಡಿದರು.

ಟವೆಲ್ಲು ಎಳೆದು ತೆಗೆದ. ಗ್ಯಾಸು ಮುಚ್ಚಿದ.
ರಿಪೇರಿಯವನು ಬರುವತನಕ ಒಲೆಯ ಮೇಲೂ
ನೀರು ಕಾಯಿಸಬೇಡ ಅಂದ, ಒರಟಾಗಿ.
ಕೆಂಪು ಚೀಟಿ ಬರೆದು ಅಂಟಿಸಿದ; ಈ ಸಲ ಸಹಿ
ಕಾಗದ ಹರಿಯುವಷ್ಟು ಒತ್ತಿ.

ಅವಳ ಮಗ ಕ್ಸಾವೆರಿಗೆ ಆರು ವರ್ಷ.
ಡಬ್ಬಿ ಮಲಗುವ ಕೋಣೆಯ ಗೋಡೆಗೇರುವುದನ್ನು
ಬಾಯಿ ತೆರೆದು ನೋಡಿದ.
"ಸೊನ್ನೆ ಅಂದರೆ ಹಾಳಾಗಿದೆಯಾ?"
"ಸೊನ್ನೆ ಅಂದರೆ ಚೆನ್ನಾಗಿದೆ.
ಐವತ್ತಾದರೆ ಕಾಯುತ್ತದೆ, ನೂರಾದರೆ ಕಾಯುವುದು ಕಡಿಮೆ,
ಮುನ್ನೂರಾದರೆ ಅದಕ್ಕೆ ತಾಳ್ಮೆಯೇ ಇಲ್ಲ.
ಆಗ ನೀನು ಚಪ್ಪಲಿ ಹುಡುಕಬೇಡ."

ಹುಡುಗ ಸ್ಟೂಲು ಹತ್ತಿ ಬೆರಳು ಚಾಚಿದ.
ಎವಾಲ್ಡನ ಕೋಟಿನತ್ತ. ಎರಡನೆಯ ಗುಂಡಿ, ದಾರ ಸಡಿಲ.
"ಇದಲ್ಲ," ಅಂದ ಅವನು, "ಅದು."
"ಏನು ಬೇಡಿಕೊಳ್ಳಲಿ?"
"ಏನೂ ಬೇಡ. ವಾರಕ್ಕೊಮ್ಮೆ ಒತ್ತು. ಕೂಗಿದರೆ ಸಾಕು."

ಕೂಗಿತು.
ಮೆಟ್ಟಿಲ ಕತ್ತಲಲ್ಲಿ ನಾಯಿಗಳು ಎದ್ದವು,
ಕೆಳಗಿನಿಂದ ತೆಯೊಫಿಲ್ ಬೈದ.
ಇಳಿಯುವಾಗ ಹಿಂದೆ ಮತ್ತೆ ಕೇಳಿಸಿತು, ಮತ್ತೆ,
ಸಾಕು ಮಾಡೋ ಎನ್ನುವ ತಾಯಿಯ ದನಿ, ಮತ್ತೊಮ್ಮೆ.
ಎವಾಲ್ಡ್ ನಿಂತು ಕೇಳಿದ.
ಚೀಲದಲ್ಲಿ ಇನ್ನು ಹತ್ತು ಡಬ್ಬಿ.
ಬೀದಿಯಲ್ಲಿ ನಾನೂರು ಕೊಳವೆ.