ಕೊಸರು

ಮೂವತ್ತೊಂದು ವರ್ಷ ಯಶವಂತಪುರದ ಯಾರ್ಡಿನಲ್ಲಿ
ಈರುಳ್ಳಿ ತೂಗಿದವನು ನಾನು, ಕಾಟಾ ಬೈಲಪ್ಪ.
ಚೀಲ ಲಾರಿಯಿಂದ ಇಳಿಯುವಾಗಲೇ ಹೇಳುತ್ತಿದ್ದೆ:
ಐವತ್ತೆರಡು. ಐವತ್ತು ಚಿಲ್ಲರೆ. ಇದು ಒದ್ದೆ, ನಂಬಬೇಡಿ.
ಮುಳ್ಳು ನಿಂತರೂ ಸಾಹುಕಾರರು
ನನ್ನ ಮುಖ ನೋಡಿಯೇ ಬರೆದುಕೊಳ್ಳುತ್ತಿದ್ದರು.

ಆ ಕಣ್ಣಳತೆ ನಾಯಿಯ ಮುಂದೆ ನಡೆಯಲಿಲ್ಲ.
ಮತ್ತಿಕೆರೆಯ ನಮ್ಮ ಮೆಟ್ಟಿಲ ಕೆಳಗೆ
ನೀರಿನ ಮೀಟರಿಗೆ ಬೆನ್ನು ಕೊಟ್ಟು ಮಲಗಿದ್ದಳು.
ಹದಿನೆಂಟು, ಅಂದೆ.
ಎದ್ದು ಮೈ ಕೊಡವಿದಳು.
ಅರ್ಧ ಬರೀ ಧೂಳು.

ದಿನಕ್ಕೆ ಎಷ್ಟು ಹಾಕಬೇಕು ಅಂತ
ಹೆಬ್ಬಾಳದ ಆಸ್ಪತ್ರೆಯಲ್ಲಿ ಕೇಳಿದೆ.
"ಮೊದಲು ತೂಕ" ಅಂದರು ಡಾಕ್ಟರಮ್ಮ.
ಮಣೆಯ ಮೇಲೆ ಒಬ್ಬಳೇ ನಿಲ್ಲಲೊಲ್ಲಳು.
ಎತ್ತಿಕೊಂಡು ನಾನೇ ಹತ್ತಿದೆ: ಎಪ್ಪತ್ತೆರಡು ಇನ್ನೂರು.
ಇಳಿಸಿ ಮತ್ತೆ ಹತ್ತಿದೆ: ಐವತ್ತೆಂಟು ಇನ್ನೂರು.
ಇಷ್ಟು ಕಾಲ ಖಾಲಿ ಗೋಣಿಯ ತೂಕ ಕಳೆದವನು
ಇವತ್ತು ನಾನೇ ಗೋಣಿ.
ನನ್ನನ್ನು ಕಳೆದರೆ ಉಳಿಯುವುದು ನಾಯಿ:
ಹದಿನಾಲ್ಕು ಕೆಜಿ, ಸರಿಯಾಗಿ.

"ಮೈತೂಕದ ನೂರಕ್ಕೆ ಎರಡೂವರೆ, ಬೇಯಿಸಿದ್ದು.
ಎರಡು ಹೊತ್ತಿಗೆ ಹಂಚಿ. ಉಪ್ಪು ಬೇಡ.
ಈರುಳ್ಳಿಯಂತೂ ಮುಟ್ಟಿಸಲೇಬೇಡಿ, ನಾಯಿಗೆ ಅದು ವಿಷ."
ನಾನು ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡೆ.

ಮುನ್ನೂರ ಐವತ್ತು ಗ್ರಾಂ. ಹೊತ್ತಿಗೆ ನೂರ ಎಪ್ಪತ್ತೈದು.
ಪಾವಿನಲ್ಲಿ ಅನ್ನ ಒತ್ತಿದರೆ ಒಂದು ತೂಕ, ಉದುರಿಸಿದರೆ ಇನ್ನೊಂದು.
ಕುಂಬಳ, ಕೋಳಿಯ ಚೂರು, ಮುದ್ದೆಯ ತುಂಡು,
ಚಿನ್ನದಂಗಡಿಯವನ ಹಾಗೆ ಕೂತು
ಚಿವುಟಿ ಹಾಕಿದೆ, ಚಿವುಟಿ ತೆಗೆದೆ.
"ನಾನು ಉಂಡೆನಾ ಬಿಟ್ಟೆನಾ ಅಂತ
ಒಂದು ದಿನ ಹೀಗೆ ನೋಡಿದ್ದೀರಾ?" ಅಂದಳು ಪುಟ್ಟತಾಯಿ.
ನೋಡಿರಲಿಲ್ಲ.

ತಿಂಗಳ ಮೇಲೆ ಹದಿನಾರೂವರೆ.
ಡಾಕ್ಟರಮ್ಮ ಕನ್ನಡಕದ ಮೇಲಿಂದ ನೋಡಿದರು:
"ಸಾಕುವವರಿಗೆ ಸಾಕು ಅನ್ನಲೂ ಬರಬೇಕು."
ಬೈಲಪ್ಪನ ಕಾಟಾ ತಪ್ಪಿತು ಅಂತ
ಯಾರ್ಡಿನಲ್ಲಿ ಒಬ್ಬರೂ ಅಂದಿರಲಿಲ್ಲ.

ಮರುದಿನ ಬೆಳಗಿನ ಐದಕ್ಕೆ ಅವಳ ಹಿಂದೆ ಹೊರಟೆ.
ಹಾಲಿನ ಬೂತಿನಲ್ಲಿ ಒಡೆದ ಪ್ಯಾಕೆಟ್ಟಿನ ತಳ.
ಬೇಕರಿಯಲ್ಲಿ ಸುಟ್ಟ ಬನ್ನು; ಅಲ್ಲಿ ಅವಳು ಬೆಣ್ಣೆ.
ಇನಾಯತನ ಹಲಗೆಯ ಕೆಳಗೆ ಹಿಡಿ ಕಾರ್ಜ; ಅಲ್ಲಿ ಬೇಗಂ.
ಬ್ಲೌಸ್ ಹೊಲಿಯುವ ಸೆಲ್ವಿ ಇಡ್ಲಿಯೊಂದನ್ನು
ನಾಲ್ಕು ಮಾಡಿ, ಊದಿ, ಆರಿಸಿ, "ರೋಜಾ" ಅಂದಳು.
ಕಟ್ಟುತ್ತಿರುವ ಬಿಲ್ಡಿಂಗಿನ ಅಸ್ಸಾಮಿನ ಹುಡುಗ
ತನ್ನ ತಟ್ಟೆಯಿಂದಲೇ ಮೂರು ತುತ್ತು ಕೊಟ್ಟ.
ಅವನು ಕರೆದ ಹೆಸರು ನನಗೆ ತಿಳಿಯಲಿಲ್ಲ,
ಅವಳಿಗೆ ತಿಳಿಯಿತು.
ನಾನು ಇನ್ನೂ ಹೆಸರಿಟ್ಟಿರಲಿಲ್ಲ,
ತೂಕ ಒಂದು ಹದಕ್ಕೆ ನಿಲ್ಲಲಿ ಅಂತ.

ಹಳೆಯ ತೂಕದ ಚೀಟಿಯ ಹಿಂದೆ ಬರೆದೆ:
ಹಾಲು ಇಪ್ಪತ್ತೈದು, ಬನ್ನು ಐವತ್ತೈದು,
ಕಾರ್ಜ ಎಂಬತ್ತು, ಇಡ್ಲಿ ಐವತ್ತು, ತುತ್ತು ತೊಂಬತ್ತು,
ರಾತ್ರಿ ಆಟೋದವರ ಬಿಸ್ಕತ್ತು ಐವತ್ತು.
ಎರಡು ಸಲ ಕೂಡಿದೆ.
ಮುನ್ನೂರ ಐವತ್ತು.
ಅವರಲ್ಲಿ ಯಾರೂ ತೂಗಿದವರಲ್ಲ,
ಒಬ್ಬರದು ಒಬ್ಬರಿಗೆ ಗೊತ್ತೂ ಇಲ್ಲ.
ನನ್ನ ಪಾಲು ಸೊನ್ನೆ.

ಆ ರಾತ್ರಿ ಪಾವನ್ನು ಅಟ್ಟದ ಮೇಲಿಟ್ಟೆ.
ಎಂಟೂ ಇಪ್ಪತ್ತಕ್ಕೆ ಬಂದಳು.
ತಟ್ಟೆ ಇದ್ದ ಜಾಗ ಮೂಸಿದಳು, ನನ್ನ ಕೈ ಮೂಸಿ ಸೀನಿದಳು.
ಹಸಿವಿಲ್ಲ. ಹೋಗಲೂ ಇಲ್ಲ.

ಯಾರ್ಡಿನಲ್ಲಿ, ತೂಕ ಮುಗಿದು, ಚೀಟಿ ಹರಿದು,
ದುಡ್ಡು ಎಣಿಸಿಯಾದ ಮೇಲೂ
ಗಾಡಿಯ ಹೆಂಗಸು ಸೆರಗು ಹಿಡಿದು ನಿಂತೇ ಇದ್ದರೆ
ಕೈಗೆ ಸಿಕ್ಕಿದಷ್ಟು ಹಾಕುತ್ತಿದ್ದೆವು.
ಅದನ್ನು ಎಲ್ಲೂ ಬರೆಯುತ್ತಿರಲಿಲ್ಲ.

ಒಳಗೆ ಹೋದೆ. "ನಿನ್ನ ಊಟ ಆಯ್ತಾ?" ಅಂದೆ.
ಪುಟ್ಟತಾಯಿ ಯಾರೋ ಹೊಸಬನನ್ನು ನೋಡಿದ ಹಾಗೆ ನೋಡಿದಳು.
ಅವಳ ಮುದ್ದೆಯ ಅಂಚಿನಿಂದ
ಹುಣಸೆಬೀಜದಷ್ಟು ಚಿವುಟಿಕೊಂಡು
ಮೆಟ್ಟಿಲ ಮೇಲೆ ಕೂತೆ.

"ಕೊಸರೂ" ಅಂತ ಕರೆದೆ.
ಬಂದಳು, ತಿಂದಳು.
ಆಮೇಲೂ ಬಹಳ ಹೊತ್ತು ಅಂಗೈ ನೆಕ್ಕುತ್ತಿದ್ದಳು,
ಅಲ್ಲಿ ಏನೂ ಇರಲಿಲ್ಲ.