ಎಡಬದಿಯ ಬ್ರಶ್ಶು

ಮುಂಜಾನಿ ಚಲೋ ತಿರಗ್ತದ.
ಹತ್ತೂವರಿಗೆ, ಬಿಸಲು ಶೀಟಿನ ಮ್ಯಾಲ ಕೂತಾಗ,
ಹಿತ್ತಾಳಿ ಗಾಲಿ ಅರ್ಧ ಆಗಿರ್ತದ,
ಟೂಲು ಒಂದು ಕೂದಲೆಳಿ ಒಳಗ ಹೋಗಿರ್ತದ,
ಅಷ್ಟರಾಗ ಲೇಥು ಗುರ್ ಅಂತದ,
ಸುಟ್ಟ ವಾಸನಿ,
ಚಕ್ಕು ನಿಂತುಬಿಡ್ತದ.

ಪೋಸ್ಟ್ ಆಫೀಸಿಗೆ ರಜಾ ಹಾಕಿ ಕೂತೀನಿ.
ಅರ್ಜಿಯಾಗ ಕಾರಣ: ಮನೀ ಕೆಲಸ.
"ಮನೀ ಕೆಲಸ ಅಂದ್ರ ಇದೇನು?" ಅಂದ್ಲು ಚಂದ್ರಭಾಗಾ,
ಜ್ವಾಳದ ಹಿಟ್ಟಿನ ಕೈ ಮ್ಯಾಲ ಹಿಡದು
ಮೊಣಕೈಲೆ ಬಾಗಿಲಾ ದೂಡಿ.

ಕಲಬುರಗಿಯಾಗ ಬೋರಿನ ಮೋಟರ್ ವೈಂಡಿಂಗ್ ಮಾಡೂ ಮಶಾಕ್‌ಸಾಬ
ಫೋನಿನಾಗ ಅಂದ: "ಮೊದ್ಲು ಬೆಲ್ಟ್ ತಗೀರಿ ಅಂಬಾರಾಯ.
ಬೆಲ್ಟ್ ತಗದ ಮ್ಯಾಲ ಸುಮ್ಮ ತಿರುಗಿದ್ರ ತಪ್ಪು ಹೊರೀದು,
ಎತ್ತಿಂದಲ್ಲ.
ಆಗೂ ಗುರ್ ಅಂತು, ಬಿಚ್ಚೂದೇ. ದುಸ್ರಾ ದಾರಿ ಇಲ್ಲ."

ಬೆಲ್ಟ್ ತಗದೆ. ಆಗೂ ಗುರ್ ಅಂತು.

ಪ್ಲಗ್ ಕಿತ್ತಿಟ್ಟೆ. ಹತ್ತು ಮಿನಿಟ್ ಕೈಕಟ್ಟಿ ಕೂತೆ.
ಬೋರ್ಡಿನ ಕೆಪಾಸಿಟರಿಗೆ ಸಿಟ್ಟು ಲಗೂ ಇಳಿಯೂದಿಲ್ಲ;
ಹ್ವಾದ ವರ್ಷ ಅದು ನನ್ನ ಹೆಬ್ಬಟ್ಟಿಗೆ ಕಲಿಸಿದ್ದು.

ಬಲಬದಿಯ ಟೊಪ್ಪಿಗಿ ಸರಳ ಬಂತು.
ಒಳಗ ಬ್ರಶ್ಶು ಕಿರಿಬೆರಳ ಗೆಣ್ಣಿನಷ್ಟು ಉದ್ದ,
ತುದಿ ಕನ್ನಡಿ ಆಗ್ಯಾದ.
ಎಡಬದೀದು ಬರಲಿಲ್ಲ.
ಸೀಮಿಎಣ್ಣಿ ಹನಿ ಬಿಟ್ಟು, ಚಾ ಕುಡದು,
ಮತ್ತ ತಿರುವಿದಾಗ ಸ್ಪ್ರಿಂಗು ಚಟ್ಟನ ಹಾರಿತು.
ಅದರ ತುದಿಗೆ
ಒಂದನೇತ್ತಾದ ಹುಡುಗ ಬರದು ಬರದು ಉಳಿಸಿದ
ಬಳಪದ ಚೂರಿನಂಥಾದ್ದು, ಕರೀದು.

ಎರಡೂ ಒಂದೇ ದಿನ ಹಾಕಿದ್ದು. ಒಂದೇ ಡಬ್ಬೀವು.

ಬೋಲ್ಟ್ ಬಿಚ್ಚಿ ಹೊಟ್ಟಿ ತಗದೆ.
ತಾಮ್ರದ ಪಟ್ಟಿ ಮ್ಯಾಲ ಕರಿ.
ಪಟ್ಟಿಗೂ ಪಟ್ಟಿಗೂ ನಡುವಿನ ಸಂದಿನಾಗ
ಬಿಳಿ.
ಅಂಗೈಗೆ ಬಡದು ನೋಡ್ದೆ. ಹಿತ್ತಾಳಿ ಚೂರಲ್ಲ,
ಒಣಗಿದ ಗ್ರೀಸೂ ಅಲ್ಲ.
ಬೆರಳಾಗ ತಿಕ್ಕಿದೆ. ಪರಸಿ ಪುಡಿ.

ಶಹಾಬಾದಿನಾಗ ಇದಕ್ಕ ಯಾರನ್ನೂ ಕೇಳೂದು ಬ್ಯಾಡ.
ಎಡಕ್ಕ ಕಿಡಕಿ, ಕಿಡಕಿ ಆಚಿಗೆ ಪಾಲಿಶ್ ಮಿಲ್ಲು.
ಮೋಟರಿನ ಫ್ಯಾನು, ಪಾಪ, ತಣ್ಣಗಿರಲಿಕ್ಕಂತ ಗಾಳಿ ಎಳೀತದ;
ನಾಲ್ಕು ವರ್ಷ ಊರನ್ನೇ ಎಳಕೊಂಡು ಕೂತಾದ.

ಅಪ್ಪ ಖಣಿಯಾಗಿದ್ದ.
ಡಾಕ್ಟರು ಫಿಲ್ಮು ಟ್ಯೂಬ್‌ಲೈಟಿಗೆ ಹಿಡದು
"ಎಡಬದಿ ಜಾಸ್ತಿ" ಅಂದಿದ್ರು.
ನಾವು ಹೂಂ ಅಂದ್ವಿ, ಗೊತ್ತಾದವರಂಗ.
ಯಾಕ ಎಡಬದಿ ಅಂತ ಕೇಳಲಿಲ್ಲ.
ಅಪ್ಪನೂ ಕೇಳಲಿಲ್ಲ. ಅಂವ ಅಂಗಿ ಗುಂಡಿ ಹಾಕ್ಕೋತಿದ್ದ.

ಮುರದ ಗರಗಸದ ಎಲಿ ತಿಕ್ಕಿ ಸಪೂರ ಮಾಡಿ
ಒಂದೊಂದೇ ಸಂದಿ ಕೆರದೆ.
ಸೈಕಲ್ ಪಂಪಿಲೆ ಊದಿದೆ.
ಮೀಟರಿನ ಒಂದು ಕಡ್ಡಿ ತಾಮ್ರಕ್ಕ, ಒಂದು ಕಡ್ಡಿ ಶಾಫ್ಟಿಗೆ:
ಮುಳ್ಳು ಅಳಗಾಡಲಿಲ್ಲ. ವೈಂಡಿಂಗ್ ಜೀವಂತ ಅದ.
ಹಳೇ ಮಿಕ್ಸರಿನ ದಪ್ಪ ಬ್ರಶ್ಶು ಪರಸಿ ಮ್ಯಾಲೇ ತಿಕ್ಕಿ
(ಮನಿ ನೆಲ ಅದೇ ಅಲ್ಲೇನು)
ಗೂಡಿಗೆ ಸರಿ ಮಾಡ್ದೆ.
ಎಲ್ಲಾ ಕೂಡಿಸಿದ ಮ್ಯಾಲ ಒಂದು ವಾಷರ್ ಉಳೀತು.
ಎಲ್ಲೀದೋ. ಡಬ್ಬಿಗೆ ಹಾಕ್ದೆ.

"ಕಿಡಕಿ ಮುಚ್ಚಿದ್ರ ನೀನೇ ಬೇಯ್ತಿ," ಅಂದ್ಲು ಚಂದ್ರಭಾಗಾ.
"ಲೇಥಿನ ಮಾರಿನೇ ತಿರುವಿದ್ರಾಯ್ತು."
ಹಿಟ್ಟಿನ ಕೈ ಸೀರಿಗೆ ಒರಸಿ ಆ ತುದಿ ಅಕಿ ಹಿಡದ್ಲು,
ಈ ತುದಿ ನಾನು.
ನಾಕು ಹೆಜ್ಜಿಗೆ ಮೂರು ಸಲ ಇಳಿಸಿದ್ವಿ.

ಹತ್ತೂವರಿ ಹೋತು. ಹನ್ನೊಂದೂವರಿ ಹೋತು.
ಹಿತ್ತಾಳಿ ಸುರುಳಿ ಸುರುಳಿ ಬಿಚ್ಚಿ
ನನ್ನ ಪಾಯಿಜಾಮಿನ ಮ್ಯಾಲ ಬೀಳ್ತು.

ಮಿಲ್ಲಿನ ಹುಡುಗ ಕಿಡಕಿ ಸರಳು ಹಿಡದು
ಎಷ್ಟೊತ್ತಿಂದ ನಿಂತಿದ್ನೋ.
"ಯಾನದು ಕಾಕಾ?"
"ರೈಲಿನ ಗಾಲಿ. ಆಟಗಿ ರೈಲಿಂದು."
"ತೋರಸ್ರಿ."
ಸರಳಿನ ಸಂದಿಲೆ ಕೊಟ್ಟೆ, ಇನ್ನೂ ಬಿಸಿ ಇತ್ತು.
ಅಂವ ತಿರುವಿ ನೋಡ್ದ, ಕಿವಿಗಿ ಹಿಡದ, ನಕ್ಕ.
ರೆಪ್ಪಿ ಬೆಳ್ಳಗ.
ತಿರುಗಿ ಕೊಟ್ಟಾಗ ಗಾಲಿ ಮ್ಯಾಲ
ಅವನ ಐದೂ ಬೆರಳು ಮೂಡಿದ್ವು.