ಆರನೇ ಕಾಲಂ

ಆಫೀಸಿನವರು ಕೊಟ್ಟದ್ದು ಒಂದು ಸ್ಟಾಪ್‌ವಾಚು,
ನೀಲಿ ಗೆರೆಯ ಪುಸ್ತಕ, ಆರು ಕಾಲಂ.
ಮರದಿಂದ ಮರಕ್ಕೆ ನಡೆದದ್ದು. ಬುಡ ಸವರಿದ್ದು.
ಬಾಯಿ ತೆಗೆದದ್ದು. ಬೆನ್ನು ಕೊಯ್ದದ್ದು.
ಗೆಲ್ಲು ಕಳೆದು ತುಂಡು ಮಾಡಿದ್ದು.
ಕೊನೆಯದು: ವ್ಯರ್ಥ.

ಆದೂರಿನಾಚೆ ಕೂಪು.
ಪಯಸ್ವಿನಿಯ ಸದ್ದು ಕೇಳುತ್ತದೆ, ಮೆಷಿನ್ ನಿಂತರೆ.
ತೇಗ ಕಮ್ಮಿ. ಮರುವ, ಇರೂಳು,
ಹಲ್ಲಿಗೆ ಕಲ್ಲಿನ ಹಾಗೆ ಸಿಗುವ ಕಿರಾಲುಬೋಗಿ ನಾಲ್ಕು.
ಎಲ್ಲದರ ಎದೆಯಲ್ಲೂ ಕೆಂಪು ಬಣ್ಣದ ನಂಬರು.

ಚೋಮು ನಾಯ್ಕ ಮೆಷಿನ್ ಹೊತ್ತು ಮುಂದೆ.
ಕತ್ತಿ, ಕೊಡಲಿ, ಎರಡು ಬೆಣೆ, ಪೆಟ್ರೋಲ್ ಕ್ಯಾನು
ಹಿಡಿದ ಅವನ ಅಳಿಯ ಬಟ್ಯ ಹಿಂದೆ.
ಅವನ ಹಿಂದೆ ಗಡಿಯಾರ, ಗಡಿಯಾರದ ಹಿಂದೆ ನಾನು.
ಕಡಿಯುವವನಲ್ಲ, ರೈಟರ್.

ಮರ ಹನ್ನೊಂದು, ಮರುವ, ಸುತ್ತಳತೆ ಆರಡಿ ಎರಡಿಂಚು.
ನಡಿಗೆ: ಒಂದು ನಿಮಿಷ ಐವತ್ತು.
ಬುಡ: ಮೂರು.
ಆಮೇಲೆ ಮೆಷಿನ್ ಕೆಳಗಿಟ್ಟು
ಎರಡೂ ಅಂಗೈ ತೊಗಟೆಗೊತ್ತಿ ನಿಂತ, ತಲೆಯೆತ್ತಿ.
ಕೊಡಲಿಯ ಬೆನ್ನಿಂದ ಒಮ್ಮೆ ಕುಟ್ಟಿ ಕಿವಿಯಿಟ್ಟ.
ಸುತ್ತು ಹೋಗಿ ಆಚೆ ಕಡೆ ಕುಟ್ಟಿದ.
ಮತ್ತೆ ಅಂಗೈ.
ಎರಡು ನಿಮಿಷ ನಲವತ್ತು.
ಎಲ್ಲಿ ಬರೆಯಲಿ ಇದನ್ನು? ಆರರಲ್ಲಿ ಬರೆದೆ.

ದಿನಕ್ಕೆ ಹದಿನಾಲ್ಕು ಮರ.
ಸಂಜೆ ಕೂಡಿಸಿದರೆ ಮೂವತ್ತೇಳು ನಿಮಿಷ, ಚಿಲ್ಲರೆ.
ಕಂಟ್ರಾಕ್ಟರ್ ಪಳ್ಳಿಕುಂಞಿ ಮುಳ್ಳೇರಿಯದ ಹೋಟೆಲಿನಲ್ಲಿ
ಪೊರೋಟ ಹರಿಯುತ್ತ ಪುಸ್ತಕ ನೋಡಿದರು.
‘ಇಷ್ಟೊತ್ತಲ್ಲಿ ಇನ್ನೂ ಬೀಳ್ತದಲ್ಲ, ರೈಟ್ರೇ?’
ಬೀಳ್ತದೆ, ಲೆಕ್ಕ ಪ್ರಕಾರ ಒಂದೂವರೆ ಮರ.
ಅರ್ಧ ಮರ ಬೀಳುವುದು ಹೇಗೆಂದು
ಅವರೂ ಕೇಳಲಿಲ್ಲ, ನನಗೂ ಹೊಳೆಯಲಿಲ್ಲ.

ಮರುದಿನ ನಾನೇ ಹೇಳಿದೆ: ನಿಲ್ಲುವುದು ಬೇಡವಂತೆ.
ಚೋಮು ತಲೆಯಾಡಿಸಿದ, ಹಗ್ಗ ಎಳೆದ.
ನಾಲ್ಕು ಮರ ಗಡಿಯಾರಕ್ಕೆ ಸರಿಯಾಗಿ ಬಿದ್ದವು.
ಹತ್ತೊಂಬತ್ತನೆಯದು ಇರೂಳು. ಒಳಗೆ ಟೊಳ್ಳು.
ಬೆನ್ನು ಕೊಯ್ಯುವಾಗ ತಿರುಚಿ
ಹೇಳಿದ ಕಡೆ ಬಿಟ್ಟು ಹೇಳದ ಕಡೆ ವಾಲಿ
ಪಕ್ಕದ ಮರುವದ ಕವಲಿಗೆ ಕೊರಳಿಟ್ಟು
ನಿಂತುಬಿಟ್ಟಿತು.
ಬಟ್ಯ ಓಡಿದ ಜಾಗದಲ್ಲಿ ಒಂದು ಚಪ್ಪಲಿ.

ಅರ್ಧ ಮರ ಹೀಗೆ ಬೀಳುತ್ತದೆ.

ಕಪ್ಪಿ ತರಿಸಿ, ಹಗ್ಗ ತರಿಸಿ,
ರಸ್ತೆ ಕೆಲಸದ ಆರು ಜನರನ್ನು ಕರೆಸಿ
ಅದನ್ನು ನೆಲಕ್ಕಿಳಿಸುವಾಗ ಬಿಸಿಲು ಹಳದಿಯಾಗಿತ್ತು.
ನಾಲ್ಕು ಗಂಟೆ ಹತ್ತು ನಿಮಿಷ.
ಕಾಲಂ ಆರು. ಅಂಕೆ ಚೌಕದಲ್ಲಿ ಹಿಡಿಸಲಿಲ್ಲ.

ಖರ್ಚಿನ ಪುಟ ಬೇರೆ ಇದೆ.
ಪೆಟ್ರೋಲ್ ಆರು ಲೀಟರ್. ಸುಟ್ಟ ಎಂಜಿನ್ ಆಯಿಲ್, ಗ್ಯಾರೇಜಿನಿಂದ, ಪುಕ್ಕಟೆ.
ಅರ ಒಂದು. ಚೈನು ತಿಂಗಳಿಗೊಂದೂವರೆ,
ಕಿರಾಲುಬೋಗಿ ಇದ್ದರೆ ಎರಡು.
ಚಪ್ಪಲಿ ಎಂದು ಬರೆದು ಹೊಡೆದು ಹಾಕಿದೆ.

ಚೋಮು ಕಟ್ಟೆಯಲ್ಲಿ ಕೂತು ಚೈನಿಗೆ ಅರ ಹಾಕುತ್ತಿದ್ದ.
ಒಂದೊಂದು ಹಲ್ಲಿಗೆ ಮೂರು ಎಳೆತ.
ಮೊನಚಾಯಿತೋ ಎಂದು ನೋಡಲು
ಹೆಬ್ಬೆರಳಿಡಲಿಲ್ಲ. ಚೈನನ್ನೇ ಎತ್ತಿ
ಕೆಳತುಟಿಗೆ ತಾಗಿಸಿದ, ಮಗುವಿನ ಗಂಜಿಯ ಬಿಸಿ ನೋಡುವ ಹಾಗೆ.
‘ಬೆರಳಿಗೆ ಗೊತ್ತಾಗುದಿಲ್ಲ. ಹನ್ನೆರಡು ವರ್ಷ ಆಯ್ತಲ್ಲ ಮೆಷಿನ್ ಹಿಡಿದು.’
ತೋರಿಸಿದ: ಸಿಪ್ಪೆ ಸುಲಿದ ಹಲಸಿನ ಬೀಜದ ಬಿಳಿ,
ನಾಲ್ಕೂ ಬೆರಳು, ಎರಡನೇ ಗೆಣ್ಣಿನವರೆಗೆ.

ಹಾಗಾದರೆ ಮರಕ್ಕೆ ಕೈಯೊತ್ತುವುದು ಯಾಕೆ?

‘ನಡುಕ ನಿಲ್ಬೇಕಲ್ಲ’ ಅಂದ.
‘ಅಷ್ಟರಲ್ಲಿ ಮೇಲೆ ನೋಡ್ಲಿಕ್ಕೂ ಆಗ್ತದೆ.’

ಮೂರನೆಯ ದಿನ. ಮರ ಇಪ್ಪತ್ತಾರು, ಕಿರಾಲುಬೋಗಿ.
ನಿಂತ: ಮೂರು ನಿಮಿಷ ಹತ್ತು ಸೆಕೆಂಡು.
ಬುಡ ಸವರಿದ್ದರಲ್ಲಿ ಸೇರಿಸಿದೆ.
ಈ ಕೂಪಿನಲ್ಲಿ ಮುಳ್ಳು ಜಾಸ್ತಿ ಎಂದು
ಷರಾ ಹಾಕಿದೆ, ಕೆಂಪು ಶಾಯಿಯಲ್ಲಿ.